ವರ್ಗಾವಣೆ ಅವಳದು, ಗಂಟುಮೂಟೆ ನಮ್ಮದು

ನಮ್ಮ ಮನೆಗೆ ಬರುವ ವರ್ಗಾವಣೆ ಆದೇಶದಲ್ಲಿ ನನ್ನ ಹೆಸರಿರುವುದಿಲ್ಲ. ಹೆಂಡತಿಯ ಹೆಸರು, ಹುದ್ದೆ, ಯಾವ ಊರಿಂದ ಯಾವ ಊರಿಗೆ, ಅಷ್ಟೆ. ನಾನು, ಮಗಳು, ಮಗ ಮೂವರೂ 'ಅವಲಂಬಿತರು' ಎಂಬ ಒಂದೇ ಪದದಲ್ಲಿ ಹಿಡಿಸಿಬಿಡುತ್ತೇವೆ. ಅವಳಿಗೆ ವಿದೇಶಾಂಗ ಸಚಿವಾಲಯದಲ್ಲಿ ಕೆಲಸ ಎಂದರೆ ಸಾಕು, ಕಡೂರು ಕಡೆಯ ನೆಂಟರು ಬಾವುಟ ಹಚ್ಚಿದ ಕಾರು, ಸೂಟು ಬೂಟಿನ ಔತಣಕೂಟ ಎಲ್ಲವನ್ನೂ ಊಹಿಸಿಕೊಳ್ಳುತ್ತಾರೆ. ಅದೆಲ್ಲ ರಾಯಭಾರಿಗಳ ಪಾಲಿನದು. ಇವಳು ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆ ಬರೆದು ಅಸಿಸ್ಟೆಂಟ್ ಸೆಕ್ಷನ್ ಆಫೀಸರ್ ಆಗಿ ಸೇರಿದವಳು. ವೀಸಾ, ಪಾಸ್‌ಪೋರ್ಟ್, ಲೆಕ್ಕಪತ್ರ, ಕಡತ ಇವುಗಳ ನಡುವೆ ದಿನ ಕಳೆಯುವವಳು. ರಾಯಭಾರ ಕಚೇರಿಗಳು ನಡೆಯುವುದೇ ಇಂಥವರಿಂದ. ಇಂಥವರ ಮನೆ ನಡೆಯುವುದು ನನ್ನಂಥವರಿಂದ.

ನಾನು ತರೀಕೆರೆಯವನು, ಅವಳು ಅಜ್ಜಂಪುರದವಳು. ಬೆಂಗಳೂರಿಂದ ರೈಲಿನಲ್ಲಿ ಬಂದರೆ ಕಡೂರು ದಾಟಿ ಬೀರೂರಿನವರೆಗೆ ದಾರಿ ಒಂದೇ. ಅಲ್ಲಿಂದ ಒಂದು ಹಳಿ ಶಿವಮೊಗ್ಗದ ಕಡೆ ತಿರುಗಿ ನಮ್ಮೂರಿಗೆ ಬರುತ್ತದೆ, ಇನ್ನೊಂದು ಹುಬ್ಬಳ್ಳಿ ಕಡೆ ಹೊರಟು ಅವಳೂರಿಗೆ ಹೋಗುತ್ತದೆ. ನಮ್ಮ ಕಡೆ ಭದ್ರಾ ನೀರು, ಅಡಿಕೆ ತೋಟ. ಅವರ ಕಡೆ ಈರುಳ್ಳಿ, ಆಲೂಗಡ್ಡೆ, ಅಮೃತಮಹಲ್ ಕಾವಲಿನ ದನ. ಮದುವೆಯಾದಾಗ ಎರಡೂ ಊರು ಒಂದೇ ತಾಲ್ಲೂಕಿನಲ್ಲಿದ್ದವು. ನಾವು ಹೊರಗಿದ್ದಾಗ ಅಜ್ಜಂಪುರ ಬೇರೆ ತಾಲ್ಲೂಕಾಯಿತು. ಅವಳ ಸರ್ವಿಸ್ ಬುಕ್ಕಿನಲ್ಲಿ ಮಾತ್ರ ಸ್ವಂತ ಊರು ಇನ್ನೂ ತರೀಕೆರೆ ತಾಲ್ಲೂಕಿನಲ್ಲೇ ಇದೆ.

ಹೆಂಡತಿಯ ಸರ್ಕಾರಿ ನೌಕರಿಯ ಹಿಂದೆ ಗಂಡ ಗಂಟುಮೂಟೆ ಕಟ್ಟುವುದು ನಮ್ಮ ಕಡೆ ಇನ್ನೂ ವಿಚಿತ್ರವೇ. ಆದರೆ ಇದು ಸಾಧ್ಯವಾದದ್ದೇ ಒಬ್ಬ ಕೊಡಗಿನ ಹೆಂಗಸಿನ ಹಟದಿಂದ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಮೊದಲೇ ಬರೆದುಕೊಟ್ಟು ಸೇರಬೇಕಾಯಿತು. 1961ರ ಸೇವಾ ನಿಯಮಗಳು ಇನ್ನೂ ಬಿಡಿಸಿ ಹೇಳಿದವು: ಹೆಣ್ಣು ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಮದುವೆಯಾದ ಮೇಲೆ ಸಂಸಾರದಿಂದ ಕೆಲಸಕ್ಕೆ ತೊಡಕು ಎಂದು ಸರ್ಕಾರಕ್ಕೆ ಅನ್ನಿಸಿದರೆ ಹೊರಡಬೇಕು. ಗಂಡು ಅಧಿಕಾರಿಗೆ ಇಂಥ ಮಾತೇ ಇಲ್ಲ. ಬಡ್ತಿಯಲ್ಲಿ ತಮ್ಮನ್ನು ಹಿಂದಿಟ್ಟಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ ಸರ್ಕಾರ ಅವರಿಗೆ ಬಡ್ತಿ ಕೊಟ್ಟು, ಆ ನಿಯಮಗಳನ್ನೂ ತೆಗೆಯುತ್ತಿದ್ದೇವೆ ಎಂದಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅರ್ಜಿ ಮುಗಿಸಿದರೂ ಬಿಸಿ ಮುಟ್ಟಿಸದೆ ಬಿಡಲಿಲ್ಲ. ಸಂಸಾರದ ಹೊರೆ ಹೆಂಗಸಿನ ಕೆಲಸಕ್ಕೆ ಅಡ್ಡ ಬರುವುದಾದರೆ ಗಂಡಸಿನ ಕೆಲಸಕ್ಕೂ ಅಡ್ಡ ಬರಬೇಕಲ್ಲ ಎಂಬುದು ಅವರ ವಾದದ ತಿರುಳು.

ಆ ವಾದಕ್ಕೆ ಅನುಭವದ ಉತ್ತರ ನನ್ನ ಹತ್ತಿರ ಇದೆ. ಗಂಡಸಿನ ಕೆಲಸಕ್ಕೆ ಸಂಸಾರ ಅಡ್ಡ ಬರದೇ ಇದ್ದದ್ದು ಅದರ ಮುಂದೆ ಹೆಂಡತಿ ಅಡ್ಡ ನಿಂತಿದ್ದರಿಂದ. ಹೊರದೇಶದ ಸರ್ಕಾರಿ ನೌಕರಿ ಒಬ್ಬರಿಗೆ ಸಂಬಳ ಕೊಟ್ಟು ಇಬ್ಬರನ್ನು ದುಡಿಸುವ ನೌಕರಿ. ಅಮೆರಿಕದಲ್ಲಿ ಇದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಅಲ್ಲಿ 1972ರವರೆಗೆ ರಾಜತಾಂತ್ರಿಕನ ಕಾರ್ಯಕ್ಷಮತೆಯ ವರದಿಯಲ್ಲಿ ಹೆಂಡತಿ ಅತಿಥಿಗಳನ್ನು ಹೇಗೆ ನೋಡಿಕೊಂಡಳು ಎಂಬುದನ್ನೂ ಬರೆಯುತ್ತಿದ್ದರು. ಕೂಲಿಯಿಲ್ಲದ ಕೆಲಸಕ್ಕೆ ಅಂಕ ಬೇರೆ. ನಮ್ಮಲ್ಲಿ ಆ ಅಂಕವೂ ಇಲ್ಲ ಎಂದು ಸಮಾಧಾನ ಪಡಬೇಕೇನೋ.

ಇಬ್ಬರೂ ಬಿಟ್ಟುಕೊಡದ ಮನೆಗಳೂ ಇವೆ. ವಿದೇಶಾಂಗ ಕಾರ್ಯದರ್ಶಿಯಾಗಿದ್ದ ನಿರುಪಮಾ ರಾವ್ ಅದಕ್ಕೆ ಮುಂಚೆ ಬೀಜಿಂಗಿನಲ್ಲಿ ರಾಯಭಾರಿಯಾಗಿದ್ದರು. ಅವರ ಪತಿ ಸುಧಾಕರ ರಾವ್ ಕರ್ನಾಟಕದ ಐಎಎಸ್ ಅಧಿಕಾರಿ, ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯಾದವರು. ಎರಡು ದೊಡ್ಡ ಹುದ್ದೆ, ಎರಡು ರಾಜಧಾನಿ. ನಮ್ಮ ದರ್ಜೆಯಲ್ಲಿ ಎರಡು ಮನೆ ಹೂಡಲು ಆಗುವುದಿಲ್ಲ. ಒಬ್ಬರು ಬಿಡಲೇಬೇಕು. ಪಿಯು ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದ ನಾನು ಬಿಟ್ಟೆ.

ಅಲ್ಲೇ ಏನಾದರೂ ಕೆಲಸ ಹುಡುಕಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಕೇಳುವಷ್ಟು ಸುಲಭವಲ್ಲ. ರಾಜತಾಂತ್ರಿಕ ಸಂಬಂಧಗಳ 1961ರ ವಿಯೆನ್ನಾ ಒಪ್ಪಂದ ಕುಟುಂಬದವರಿಗೂ ರಕ್ಷಣೆ, ವಿನಾಯಿತಿ ಕೊಡುತ್ತದೆ. ಆ ರಕ್ಷಣೆ ಇರುವವನು ಆ ಊರಿನ ಕೆಲಸಕ್ಕೆ ಸೇರಿದರೆ ತೆರಿಗೆ, ಕಾನೂನು ಎಲ್ಲ ತೊಡಕಾಗುತ್ತವೆ. ಹಾಗಾಗಿ ಎರಡು ದೇಶಗಳ ನಡುವೆ ಬೇರೆ ಒಪ್ಪಂದ ಆಗಬೇಕು. ಭಾರತ ಹಲವು ದೇಶಗಳ ಜೊತೆ ಮಾಡಿಕೊಂಡಿದೆ, ಎಲ್ಲವುಗಳ ಜೊತೆ ಅಲ್ಲ. ಒಪ್ಪಂದ ಇದ್ದರೂ ಅವರ ಅನುಮತಿ ಬೇಕು, ನಮ್ಮ ಕಚೇರಿಯ ಅನುಮತಿಯೂ ಬೇಕು. ಎರಡೂ ಕೈಗೆ ಬರುವ ಹೊತ್ತಿಗೆ ಮುಂದಿನ ಊರಿನ ಆದೇಶ ಬಂದಿರುತ್ತದೆ. ಅಮೆರಿಕನ್ನರು ತಮ್ಮ ರಾಯಭಾರ ಕಚೇರಿಗಳಲ್ಲೇ ಕುಟುಂಬದವರಿಗೆಂದು ಕೆಲವು ಹುದ್ದೆ ಇಟ್ಟುಕೊಂಡಿದ್ದಾರೆ. ನಮ್ಮವರು ಇದನ್ನು ನೋಡಿ ಕಲಿಯಬಹುದು.

ನಡುವೆ ದೆಹಲಿಗೆ ಮರಳಿದ್ದಾಗ ಒಂದು ಸಂಸ್ಥೆಗೆ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕೂತವರು ಗಣಿತದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?" ಎಂದರು. ಕಡೂರಿನ ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತ ದೊಡ್ಡಪ್ಪನೂ ಅದನ್ನೇ ಕೇಳುತ್ತಾರೆ, ಭಾಷೆ ಮಾತ್ರ ಇನ್ನೂ ನೇರ: "ಅವಳು ಆಫೀಸಿಗೆ ಹೋಗ್ತಾಳೆ ಸರಿ, ನೀನೇನ್ ಮಾಡ್ಕಂಡಿದೀಯಪ್ಪಾ?" ನಮ್ಮ ಕಚೇರಿಗಳಲ್ಲಿ ನನ್ನ ಹಾಗೆ ಇದ್ದ ಹೆಂಗಸರನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಅವರಲ್ಲಿ ದಂತವೈದ್ಯೆ ಇದ್ದರು, ಬ್ಯಾಂಕು ಬಿಟ್ಟು ಬಂದವರಿದ್ದರು, ಬಿ.ಎಡ್. ಮಾಡಿದ ಟೀಚರುಗಳಂತೂ ಹೋದಲ್ಲೆಲ್ಲ ಸಿಕ್ಕರು. ಗಂಡನ ಜೊತೆ ಇರುವುದೇ ಅವರ ಉದ್ಯೋಗ ಎಂದು ಲೋಕ ತೀರ್ಮಾನಿಸಿ ಕೂತಿದೆ. ನನ್ನನ್ನು ಕೇಳುವುದು ಅವಮಾನ ಎಂದು ಮೊದಮೊದಲು ಮುಖ ಗಂಟು ಹಾಕಿಕೊಳ್ಳುತ್ತಿದ್ದೆ. ಅವರನ್ನು ಕೇಳದೇ ಇರುವುದು ಅದಕ್ಕಿಂತ ದೊಡ್ಡ ಅವಮಾನ ಎಂದು ಈಗ ಅನ್ನಿಸುತ್ತದೆ.

ಏನು ಮಾಡುತ್ತಿದ್ದೆ ಎಂದು ಹೇಳಿಯೇ ಬಿಡುತ್ತೇನೆ. ಮಾಸ್ಕೋದಲ್ಲಿ ಬೆಳಗಿನ ಕತ್ತಲಲ್ಲಿ ಮಗಳಿಗೆ ಒಂದರ ಮೇಲೊಂದು ಬಟ್ಟೆ ಹಾಕುತ್ತಿದ್ದೆ. ಎಲ್ಲ ಹಾಕಿ ಬೂಟಿನ ದಾರ ಬಿಗಿದ ಮೇಲೆ ಮಕ್ಕಳಿಗೆ ಉಚ್ಚೆ ಬರುವುದು ಜಗತ್ತಿನಾದ್ಯಂತ ಒಂದೇ ನಿಯಮ. ಅಲ್ಲಿ ರಾಗಿ ಸಿಗುತ್ತಿರಲಿಲ್ಲ. ರಷ್ಯನ್ನರು ದಿನಾ ತಿನ್ನುವ ಗ್ರೇಚ್ಕ ಎಂಬ ಕಾಳನ್ನು ಹಿಟ್ಟು ಮಾಡಿ ಮುದ್ದೆ ತೊಳಸಿದೆ. ಬಣ್ಣ ಮುದ್ದೆಯದೇ, ರುಚಿಯ ಬಗ್ಗೆ ಮಾತು ಬೇಡ. ಔಷಧದಂಗಡಿಯಲ್ಲಿ ಕೈಸನ್ನೆ ಮಾಡಿ ಕೆಮ್ಮು ತೋರಿಸುತ್ತಾ ರಷ್ಯನ್ ಕಲಿತೆ. ನಾಮಪದಗಳ ವಿಭಕ್ತಿ ಹಿಡಿತಕ್ಕೆ ಬರುವಷ್ಟರಲ್ಲಿ ಅಲ್ಲಿಂದ ಹೊರಡುವ ಕಾಲ ಬಂತು.

ಆಮೇಲೆ ಘಾನಾದ ಅಕ್ರಾ. ಹೋಗುವ ಮುಂಚೆ ಹಳದಿ ಜ್ವರದ ಚುಚ್ಚುಮದ್ದು, ಹೋದ ಮೇಲೆ ಮಲೇರಿಯಾದ ಹೆದರಿಕೆ, ಮಗ ಆಗಿನ್ನೂ ತೊಡೆಯ ಮೇಲಿನ ಕೂಸು. ಸಚಿವಾಲಯ ತನ್ನ ಊರುಗಳಿಗೆ ಕಷ್ಟದ ಪ್ರಕಾರ ದರ್ಜೆ ಕೊಡುತ್ತದೆ, ಕಷ್ಟದ ಊರಿಗೆ ಭತ್ಯೆಯಲ್ಲಿ ಸ್ವಲ್ಪ ವ್ಯತ್ಯಾಸ. ಕಷ್ಟ ಯಾರಿಗೆ ಎಂಬುದನ್ನು ಆ ದರ್ಜೆ ಹೇಳುವುದಿಲ್ಲ. ಹೆಂಡತಿಗೆ ಕಚೇರಿ ಎಲ್ಲಿ ಹೋದರೂ ಹೆಚ್ಚುಕಮ್ಮಿ ಅದೇ: ಅದೇ ಕಡತ, ಅದೇ ಹಿಂದಿ, ಅದೇ ಚಹಾ. ಹೊಸ ದೇಶ ಎಂಬುದು ನಿಜವಾಗಿ ಎದುರಾಗುವುದು ತರಕಾರಿ ಅಂಗಡಿ, ಶಾಲೆಯ ಗೇಟು, ಮಕ್ಕಳ ವೈದ್ಯರ ಬಾಗಿಲಲ್ಲಿ. ಅಲ್ಲೆಲ್ಲ ನಿಂತಿರುವವನು ನಾನು.

ಆದರೆ ಅಕ್ರಾ ನಮಗೆ ಒಗ್ಗಿತು. ಡಿಸೆಂಬರಿನಲ್ಲಿ ಸಹಾರಾ ಕಡೆಯಿಂದ ಹರ್ಮಟಾನ್ ಎಂಬ ಒಣಗಾಳಿ ಬೀಸಿ ತುಟಿ ಒಡೆದು ಕಿಟಕಿಯ ಮೇಲೆಲ್ಲ ಧೂಳು ಕೂತಾಗ, ಬರಗಾಲದ ವರ್ಷದ ಕಡೂರಿನ ಬಯಲಿನಂತೆಯೇ ಕಾಣುತ್ತಿತ್ತು. ರಸ್ತೆ ಬದಿಯಲ್ಲಿ ಕೈಗಾಡಿಯ ತುಂಬ ಎಳನೀರು. ಕಡೂರು ಸೀಮೆಯಲ್ಲಿ ನೆಂಟರಿರುವವನು ಎಂಬ ಜಂಬದಿಂದ ನಾನು ಕಾಯಿ ತಟ್ಟಿ ನೋಡಿ ಆರಿಸುತ್ತಿದ್ದೆ. ಗಾಡಿಯವನು ನಕ್ಕು ಬೇರೆ ಕಾಯಿ ಕೊಚ್ಚಿ ಕೊಡುತ್ತಿದ್ದ, ಅವನದೇ ಸಿಹಿ ಇರುತ್ತಿತ್ತು. ಅಲ್ಲಿಯ ಅಕಾನ್ ಜನ ಮಗು ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರೆ. ಮಗಳು ಶನಿವಾರ ಹುಟ್ಟಿದವಳೆಂದು ತಿಳಿದ ಪಕ್ಕದ ಮನೆಯಾಕೆ ಅವಳನ್ನು ಅಮಾ ಎಂದು ಕರೆದರು. ಶನಿವಾರ ಹುಟ್ಟಿದ್ದಕ್ಕೆ ನಮ್ಮ ಮನೆಯಲ್ಲಿ ಎಣ್ಣೆ ದೀಪ ಹಚ್ಚಿಸಿದ್ದರು. ಅಲ್ಲಿ ಅದೇ ಅವಳ ಮುದ್ದಿನ ಹೆಸರಾಯಿತು. ಹಂಗೇರಿಯಲ್ಲಿ ರಾಯಭಾರಿಯಾಗಿದ್ದ ಮುತ್ತಮ್ಮ ಆಮೇಲೆ ಭಾರತದ ಪ್ರತಿನಿಧಿಯಾಗಿ ಬಂದದ್ದು ಇದೇ ಅಕ್ರಾಕ್ಕೆ. ಜೊತೆಗೆ ಯಾರೂ ಬರುವಂತಿಲ್ಲ ಎಂಬ ಷರತ್ತಿನ ಮೇಲೆ ಸೇವೆಗೆ ಸೇರಿದ ಆಕೆ ಇದ್ದ ಊರಿನಲ್ಲಿ ನಾನು ಹೆಂಡತಿಯ ಜೊತೆಗಾರನಾಗಿ ಎಳನೀರು ಕುಡಿಯುತ್ತಿದ್ದೆ.

ಅಕ್ರಾದ ನಂತರ ಬಂದದ್ದು ಕಠ್ಮಂಡು. ಅಲ್ಲಿಯ ಗಡಿಯಾರ ನಮ್ಮೂರಿಗಿಂತ ಕಾಲು ಗಂಟೆ ಮಾತ್ರ ಮುಂದೆ, ಅಜ್ಜಿಗೆ ಫೋನು ಮಾಡಲು ಲೆಕ್ಕ ಹಾಕಬೇಕಾಗಿಲ್ಲ. ಅಲ್ಲಿ ರಾಗಿಯೂ ಉಂಟು. ಕೋದೋ ಎನ್ನುತ್ತಾರೆ, ಅದರ ಹಿಟ್ಟು ತೊಳಸಿ ಢಿಂಡೋ ಮಾಡುತ್ತಾರೆ. ಮಗ ಮೊದಲ ತುತ್ತಿಗೇ "ಇದು ಅಜ್ಜಂಪುರದ್ದು" ಎಂದ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು. 2009ರ ಹೊತ್ತಿಗೆ ಅವರ ಬದಲು ನೇಪಾಳದವರನ್ನೇ ನೇಮಿಸಲು ಅಲ್ಲಿಯ ಮಾವೋವಾದಿ ಸರ್ಕಾರ ಹೊರಟು, ಗಲಾಟೆಯಾಗಿ, ಕೊನೆಗೆ ಭಟ್ಟರೇ ಉಳಿದರು. ಬಾಗಮತಿ ದಡದಲ್ಲಿ ಕನ್ನಡ ಕೇಳಿದ ದಿನ ನನ್ನ ಹೆಂಡತಿ, ಅಷ್ಟೇನೂ ದೈವಭಕ್ತಳಲ್ಲದವಳು, ಸುಮ್ಮನೆ ಇನ್ನೊಂದು ಸುತ್ತು ಹಾಕಿದಳು.

ಮಕ್ಕಳ ಕನ್ನಡದ ವಿಷಯಕ್ಕೆ ಬರುತ್ತೇನೆ. ನನಗೆ ಹೇಳಬೇಕಾದ್ದು ಹೆಚ್ಚಾಗಿ ಇರುವುದು ಇಲ್ಲಿಯೇ. ಕೇಂದ್ರೀಯ ವಿದ್ಯಾಲಯಗಳು 1963ರಲ್ಲಿ ಶುರುವಾದದ್ದೇ ಊರೂರು ಅಲೆಯುವ ಕೇಂದ್ರ ನೌಕರರ ಮಕ್ಕಳಿಗಾಗಿ. ಭಾರತದ ಹೊರಗೆ ಅವು ಇರುವುದು ಮೂರೇ ಕಡೆ: ಮಾಸ್ಕೋ, ಟೆಹ್ರಾನ್, ಕಠ್ಮಂಡು. ಮೂರರಲ್ಲಿ ಎರಡು ನಮ್ಮ ಪಾಲಿಗೆ ಬಂದದ್ದು ಅದೃಷ್ಟ. ಅಲ್ಲಿ ಹಿಂದಿ ಇದೆ, ಸಂಸ್ಕೃತ ಇದೆ. ಅಕ್ರಾದಲ್ಲಿ ಖಾಸಗಿ ಶಾಲೆ, ಕೇಂಬ್ರಿಜ್ ಪಠ್ಯ, ಫ್ರೆಂಚ್. ಕನ್ನಡ ಎಲ್ಲಿಯೂ ಇಲ್ಲ. ದುಬೈನಂಥ ಊರಲ್ಲಿ ಕನ್ನಡಿಗರು ಸೇರಿ ವಾರಾಂತ್ಯದ ಕನ್ನಡ ಪಾಠಶಾಲೆ ನಡೆಸುತ್ತಾರೆ, ಅಮೆರಿಕದ ದೊಡ್ಡ ಊರುಗಳಲ್ಲೂ ಉಂಟು. ನಾವು ಹೋದ ಕಡೆ ಕನ್ನಡದ ಮನೆಗಳನ್ನು ಒಂದು ಕೈಯಲ್ಲಿ ಎಣಿಸಬಹುದಿತ್ತು, ಅದೂ ಯಾರದೋ ವರ್ಗಾವಣೆ ಆಗುವವರೆಗೆ.

ಹಾಗಾಗಿ ಗಣಿತದ ಮೇಷ್ಟ್ರು ಕನ್ನಡ ಪಂಡಿತನಾದೆ. ಅಡುಗೆಮನೆ ಬಾಗಿಲ ಮೇಲೆ ಕಾಗುಣಿತ ಬರೆದು ಅಂಟಿಸಿದೆ. ಒತ್ತಕ್ಷರಕ್ಕೆ ಬಂದಾಗ ಮಗಳು ಮುಷ್ಕರ ಹೂಡಿದಳು. ದಾರಿ ತೋರಿಸಿದ್ದು ನಮ್ಮೂರಿನ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳೇ. ಆ ನಾಲಿಗೆ ತಿರುಚುವ ಸಾಲನ್ನು ಕರ್ನಾಟಕದ ಯಾವ ಮಗುವೂ ಹೇಳದೆ ದೊಡ್ಡದಾಗಿಲ್ಲ, ತರೀಕೆರೆಯ ಮಕ್ಕಳಿಗೆ ಮಾತ್ರ ಅದರಲ್ಲಿ ಹಕ್ಕಿನ ಹೆಮ್ಮೆ. ಮಗಳು ರಷ್ಯನ್ ಗೆಳತಿಯರಿಗೂ ಅದನ್ನು ಕಲಿಸಿದಳು. ರಜೆಗೆ ಬಂದಾಗ ಅವಳು ಒಂದೇ ಉಸಿರಿಗೆ ಹೇಳಿದರೆ ಮನೆಮಂದಿಗೆಲ್ಲ ಖುಷಿ. ಆದರೆ ಅಂಗಡಿಗೆ ಕಳಿಸಿದರೆ "ದಯವಿಟ್ಟು ಅರ್ಧ ಕಿಲೋ ಸಕ್ಕರೆ ನೀಡಿರಿ" ಎಂದು ಪುಸ್ತಕದ ಕನ್ನಡ ಆಡಿ ಬರುತ್ತಿದ್ದಳು. ಅಂಗಡಿಯವರು ಪಾಪ ಎದ್ದು ನಿಂತು ಕೊಟ್ಟರಂತೆ.

ಈ ಎಲ್ಲದರ ಹಿಂದೆ ಇನ್ನೊಬ್ಬರಿದ್ದಾರೆ. ನನ್ನ ತಾಯಿ ತರೀಕೆರೆಯಲ್ಲಿ, ಜೊತೆಗೆ ತಮ್ಮ, ತಮ್ಮನ ಹೆಂಡತಿ. ತಾಯಿಗೆ ಸಕ್ಕರೆ ಕಾಯಿಲೆ. ತಿಂಗಳ ತಪಾಸಣೆಗೆ ಶಿವಮೊಗ್ಗಕ್ಕೆ ಕರೆದೊಯ್ಯುವುದು, ಮಾತ್ರೆ ಬದಲಾದರೆ ಡಬ್ಬಿಗಳ ಮೇಲೆ ಗುರುತು ಹಾಕುವುದು, ನಾನು ಫೋನು ಮಾಡಿದಾಗ "ಎಲ್ಲಾ ಆರಾಮು ಭಾವ" ಎನ್ನುವುದು ತಮ್ಮನ ಹೆಂಡತಿಯೇ. ನನ್ನ ಹೆಂಡತಿಯ ಸರ್ಕಾರಿ ಕೆಲಸಕ್ಕೆ ನಾನು ಬೆನ್ನಿಗೆ ನಿಂತೆ ಎನ್ನುತ್ತೇನಲ್ಲ, ನನ್ನ ಬೆನ್ನಿಗೆ ಆಕೆ ನಿಂತಿದ್ದಾಳೆ. ವಿದೇಶ ಭತ್ಯೆಯ ಯಾವ ಕೋಷ್ಟಕವೂ ಅಷ್ಟು ದೂರ ಬರುವುದಿಲ್ಲ. ನಾವು ತರುವ ಚಾಕೊಲೇಟು ಡಬ್ಬಿ, ಸೀರೆ ಅದಕ್ಕೆ ಬೆಲೆಯಲ್ಲ ಎಂದು ಆಕೆಗೂ ಗೊತ್ತು, ನಮಗೂ ಗೊತ್ತು.

ಬೀರೂರಿನ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ಒಮ್ಮೆ ರೇಗಿದ. ಅವನ ಅಣ್ಣ ಸೇನೆಯಲ್ಲಿದ್ದವನು. ಗಡಿ ಠಾಣೆಗಳಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತೆಯೇ ಇಲ್ಲ, ನಿಮಗೆ ಜೊತೆಗೆ ಹೋಗುವ ಭಾಗ್ಯವಾದರೂ ಇದೆ ಎಂದ. ಗಲ್ಫಿಗೆ ಒಬ್ಬರೇ ಹೋಗಿ ದುಡಿಯುವವರ ಮಾತಂತೂ ಬೇಡ. ಅವನು ಹೇಳಿದ್ದು ಸರಿ. ನನಗೆ ಕನಿಕರ ಬೇಡ. ಸಂಬಳ, ವಸತಿ, ಮಕ್ಕಳ ಶಾಲೆಯ ಶುಲ್ಕ ಎಲ್ಲ ಸರ್ಕಾರ ಕೊಟ್ಟಿದೆ. ನಾನು ಕೇಳುತ್ತಿರುವುದು ಲೆಕ್ಕ. ಪಾತ್ರೆ ಪುಸ್ತಕ ಸಾಗಿಸಲು ಎಷ್ಟು ಕಿಲೋ ಎಂದು ನಿಯಮ ಇರುವ ವ್ಯವಸ್ಥೆಯಲ್ಲಿ, ಜೊತೆ ಹೋದವರ ವರ್ಷಗಳಿಗೆ ಮತ್ತು ಮಕ್ಕಳ ಭಾಷೆಗೆ ಒಂದು ಕಾಲಂ ಇಲ್ಲ.

ಕೇಂದ್ರದ್ದು ಒಂದು ಕಡೆಗಿರಲಿ, ನಮ್ಮ ರಾಜ್ಯವೇನು ಮಾಡುತ್ತಿದೆ? ಮಗಳಿಗೀಗ ಹತ್ತನೆಯ ತರಗತಿ ಮುಗಿಯುತ್ತಿದೆ. ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮುಖ್ಯ ನಿಯಮ, ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು ಎಂಬುದು. ನನ್ನ ಮಗಳು ಓದಿಲ್ಲ. ಇತರ ಕಲಮುಗಳಿವೆ, ಒಂದೊಂದಕ್ಕೂ ಅದರದೇ ಷರತ್ತು, ಅದರದೇ ಪ್ರಮಾಣಪತ್ರ. ಅಪ್ಪ ಅಮ್ಮಂದಿರಲ್ಲಿ ಒಬ್ಬರು 7 ವರ್ಷ ಇಲ್ಲಿ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ಇಲ್ಲೇ ಓದಿದರೆ ಆಗುತ್ತದೆ ಎಂಬುದು ನಮಗೆ ಹೊಂದುವ ದಾರಿ. ಅಂದರೆ ಅವಳು ಎರಡು ವರ್ಷಕ್ಕೆ ತರೀಕೆರೆಗೆ ಬರಬೇಕು. ಅವಳ ಜೊತೆ ನಾನು ಬಂದರೆ ಚಿಕ್ಕ ಮಗ ಅಮ್ಮನ ಬಳಿ ಒಬ್ಬನೇ ಆಗುತ್ತಾನೆ. ನಾನು ಅಲ್ಲೇ ಉಳಿದರೆ ಮಗಳ ಹೊಣೆಯೂ ತಮ್ಮನ ಹೆಂಡತಿಯ ಹೆಗಲಿಗೆ. ಊಟದ ಮೇಜಿನ ಮೇಲೆ ಈಗ ನಡೆಯುತ್ತಿರುವ ಚರ್ಚೆ ಇದೊಂದೇ, ಮಗಳು ಅದನ್ನು ಕೇಳಿಸಿಕೊಂಡೂ ಕೇಳಿಸದ ಹಾಗೆ ಮೊಬೈಲು ನೋಡುತ್ತಿರುತ್ತಾಳೆ.

7 ವರ್ಷದ ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ಅದು ಇಲ್ಲದಿದ್ದರೆ ಸೀಟುಗಳೆಲ್ಲ ಹೊರಗಿನವರ ಪಾಲಾಗುತ್ತವೆ, ಕಡೂರಿನ ಕಾಲೇಜಿನಲ್ಲಿ ಓದುವ ಹುಡುಗಿಗೆ ಅನ್ಯಾಯವಾಗುತ್ತದೆ. ಆದರೆ ಈ ನಿಯಮ ಅಳೆಯುವುದು ಮಗು ಎಲ್ಲಿ ಕೂತಿತ್ತು ಎಂಬುದನ್ನು ಮಾತ್ರ. ಬೆಂಗಳೂರಿನಲ್ಲಿ 7 ವರ್ಷ ಕೂತು ಕನ್ನಡ ಬಾರದವರಿಗೆ ಅದು ಬಾಗಿಲು ತೆರೆಯುತ್ತದೆ. ಅಕ್ರಾದಲ್ಲಿ ಕೂತು ಒತ್ತಕ್ಷರ ತಿದ್ದಿದವಳ ತಿದ್ದಿಕೆಗೆ ಅದರಲ್ಲಿ ಜಾಗವಿಲ್ಲ.

ಅಳೆಯುವ ಇನ್ನೊಂದು ಕೋಲು ನಮ್ಮಲ್ಲೇ ಇದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ನಡೆಸಿಕೊಂಡು ಬಂದಿದೆ. ಸರ್ಕಾರಿ ಕೆಲಸದ ಮೇಲೆ ಹೊರಗಿರುವ ಕನ್ನಡಿಗರ ಮಕ್ಕಳು ಅವುಗಳಲ್ಲಿ ಒಂದೆರಡನ್ನು ಹೊರದೇಶದಲ್ಲೇ ಬರೆಯಲಿ. ಪಾಸಾದವರಿಗೆ ಆ 7 ವರ್ಷದಲ್ಲಿ ಒಂದಿಷ್ಟು ವರ್ಷ ಮನ್ನಾ ಮಾಡಲಿ. ಇಂಥ ಮಕ್ಕಳ ಸಂಖ್ಯೆ ಸಣ್ಣದು, ಊರಿನ ಮಕ್ಕಳ ಸೀಟಿಗೆ ಕುತ್ತು ಬರುವುದಿಲ್ಲ. ಹೊರನಾಡ ಕನ್ನಡಿಗರ ಸಮಾವೇಶಗಳಿಗೆ ಶಾಲು ಹಾರ ಹೊತ್ತು ಹೋಗುವ ಮಂತ್ರಿಗಳು ಒಂದು ಸಲ ಈ ಕಡತ ನೋಡಿದರೆ ಸಾಕು. ಹೊಸ ಕಟ್ಟಡ ಬೇಡ, ಹೊಸ ಪ್ರಾಧಿಕಾರ ಬೇಡ. ರಾಯಭಾರ ಕಚೇರಿಗಳಲ್ಲಿ ಒಂದು ಕೋಣೆ, ವರ್ಷಕ್ಕೊಂದು ಭಾನುವಾರ, ಮೊಹರು ಹಾಕಿದ ಒಂದು ಲಕೋಟೆ. ಮೇಲ್ವಿಚಾರಣೆಗಾಗಿ ಬೆಂಗಳೂರಿನಿಂದ ಯಾರನ್ನೂ ವಿಮಾನ ಹತ್ತಿಸಬೇಕಾಗಿಲ್ಲ. ಬಿ.ಎಡ್. ಮಾಡಿ ಮನೆಯಲ್ಲಿ ಕೂತವರು ಒಬ್ಬರಾದರೂ ಅಲ್ಲಿಯೇ ಸಿಗುತ್ತಾರೆ.